ಕಾಗದ ಎರಡು, ಹೊಲ ಒಂದೇ: ಮರಿ ಪ್ರಕ್ರಿಯೆಗಳಲ್ಲಿ ಸ್ವಚ್ಛತೆಯ ಹೊಣೆ ಕಲಿಸಿದ ಅನುಭವ

ಪೈಥಾನ್ ಕಲಿಸುವಾಗ ವಸ್ತುಗಳ ಘಟಕದಲ್ಲಿ ಒಂದು ಮಾತು ಹೇಳಿ ಮುಂದೆ ಸಾಗುವುದು ರೂಢಿ: "ಬಳಕೆ ಮುಗಿದ ವಸ್ತುವನ್ನು ಪೈಥಾನ್ ತಾನೇ ಸ್ವಚ್ಛ ಮಾಡುತ್ತದೆ, ನೀವು ಚಿಂತಿಸಬೇಕಿಲ್ಲ." ಒಂದೇ ಪ್ರಕ್ರಿಯೆಯಾಗಿ ಓಡುವ ಸಣ್ಣ ಪ್ರೋಗ್ರಾಂಗಳಿಗೆ ಈ ಮಾತು ಬಹುಮಟ್ಟಿಗೆ ಸಾಕು. ಆದರೆ ಪ್ರೋಗ್ರಾಂ ಕವಲೊಡೆದು ನಾಲ್ಕು ಪ್ರಕ್ರಿಯೆಗಳಾದಾಗ ಯಾರು ಸ್ವಚ್ಛ ಮಾಡಬೇಕು, ಯಾವಾಗ, ಎಷ್ಟು ಸಲ ಎಂಬ ಪ್ರಶ್ನೆಗಳು ಏಳುತ್ತವೆ. ಎರಡನೆಯ ಹಂತದ ಬೋಧನಾಭ್ಯಾಸದಲ್ಲಿ ಈ ಪ್ರಶ್ನೆಗಳು ಪಠ್ಯದಿಂದ ಬರಲಿಲ್ಲ, ಪ್ರಥಮ ಪಿಯುಸಿ ವಿದ್ಯಾರ್ಥಿಗಳ ಕೈಕೆಲಸದಿಂದ ಬಂದವು. ಅವುಗಳನ್ನು ಎರಡು ಅವಧಿಗಳಲ್ಲಿ ಹೇಗೆ ಬಿಡಿಸಿದೆವು ಎಂಬುದನ್ನು ಗಣಕ ವಿಜ್ಞಾನ ಬೋಧಿಸುವ ಸಹ ಪ್ರಶಿಕ್ಷಣಾರ್ಥಿಗಳಿಗಾಗಿ ಇಲ್ಲಿ ಬರೆದಿದ್ದೇನೆ.

ವಿಜ್ಞಾನ ಪ್ರದರ್ಶನಕ್ಕೆಂದು ಐವರ ಒಂದು ಗುಂಪು ಕಾಲೇಜಿನ ಸುತ್ತಲಿನ ಗಿಡಮರಗಳ ಎಲೆಗಳ 612 ಚಿತ್ರಗಳನ್ನು ಮೊಬೈಲಿನಲ್ಲಿ ತೆಗೆದಿತ್ತು. ಅವೆಲ್ಲವನ್ನೂ ಚಿಕ್ಕದು ಮಾಡಿ ಒಂದು ಕಡತಕ್ಕೆ ಕಟ್ಟಬೇಕಿತ್ತು. ಪ್ರಯೋಗಾಲಯದ ಯಂತ್ರಗಳು ಹಳೆಯವು, ಕೆಲಸ ನಿಧಾನ. ಗುಂಪಿನ ಒಬ್ಬ ಹುಡುಗ ಮಲ್ಟಿಪ್ರೊಸೆಸಿಂಗ್ ಎಂಬ ಸೌಲಭ್ಯದ ಬಗ್ಗೆ ಎಲ್ಲೋ ಓದಿ ಬಂದು, ಕೆಲಸವನ್ನು ತಲಾ 153 ಚಿತ್ರಗಳಂತೆ ನಾಲ್ಕು ಪ್ರಕ್ರಿಯೆಗಳಿಗೆ ಹಂಚಿದ. ಮುಖ್ಯ ಪ್ರೋಗ್ರಾಂ ಮೊದಲು ಒಂದು ತಾತ್ಕಾಲಿಕ ಕೋಶವನ್ನು, ಅಂದರೆ ಟೆಂಪರರಿ ಡೈರೆಕ್ಟರಿಯನ್ನು ತೆರೆಯುತ್ತಿತ್ತು. ನಾಲ್ಕೂ ಮರಿ ಪ್ರಕ್ರಿಯೆಗಳು ಚಿಕ್ಕ ಚಿತ್ರಗಳನ್ನು ಅದರೊಳಗೆ ಹಾಕಬೇಕು, ಕೊನೆಗೆ ಮುಖ್ಯ ಪ್ರೋಗ್ರಾಂ ಅವನ್ನು ಒಟ್ಟುಗೂಡಿಸಬೇಕು. ಯೋಜನೆ ಚೆನ್ನಾಗಿಯೇ ಇತ್ತು.

ಆದರೆ ಓಡಿಸಿದಾಗಲೆಲ್ಲ ಮೊದಲ ಪ್ರಕ್ರಿಯೆ ತನ್ನ ಪಾಲು ಮುಗಿಸಿದ ಕೂಡಲೇ ಉಳಿದ ಮೂರೂ "ಅಂಥ ಕೋಶವಿಲ್ಲ" ಎಂಬ ದೋಷ ತೋರಿಸಿ ನಿಲ್ಲುತ್ತಿದ್ದವು. ಮುಗಿದ ಪ್ರಕ್ರಿಯೆಯ 153 ಚಿತ್ರಗಳೂ ಇರುತ್ತಿರಲಿಲ್ಲ. ಎರಡು ಸಂಜೆ ಹೀಗೇ ಕಳೆದ ಮೇಲೆ ಗುಂಪಿನವರು ಒಂದೊಂದೇ ಸಾಲು ತೆಗೆದು ನೋಡಿದರು. ಮರಿ ಪ್ರಕ್ರಿಯೆ ಮಾಡುವ ಕೆಲಸದ ಕೊನೆಯಲ್ಲಿ ಒಬ್ಬ ವಿದ್ಯಾರ್ಥಿನಿ ಒಂದು ಸಾಲು ಸೇರಿಸಿದ್ದಳು. ಕೋಶದ ಹೆಸರಿಗೆ ನನ್ ಎಂಬ ಖಾಲಿ ಬೆಲೆಯನ್ನು ಕೊಡುವ ಸಾಲು ಅದು. "ನನ್ನ ಕೆಲಸ ಮುಗಿಯಿತು, ನಾನು ಬಿಟ್ಟುಬಿಟ್ಟೆ" ಎಂದು ಅದರ ಅರ್ಥ. ಆ ಸಾಲು ತೆಗೆದೊಡನೆ ಪ್ರೋಗ್ರಾಂ ಸರಿಯಾಗಿ ಓಡಿತು.

ಗುಂಪಿಗೆ ಅಲ್ಲಿಗೆ ವಿಷಯ ಮುಗಿದಿತ್ತು, ಅವಳಿಗೆ ಮುಗಿದಿರಲಿಲ್ಲ. ರಸಾಯನಶಾಸ್ತ್ರ ಪ್ರಯೋಗಾಲಯದ ಗೋಡೆಯ ಮೇಲೆ "ಬಳಸಿದವರೇ ಸ್ವಚ್ಛಗೊಳಿಸಿ" ಎಂದು ದೊಡ್ಡದಾಗಿ ಬರೆದಿದೆ. ಪರೀಕ್ಷಾನಳಿಕೆ ತೊಳೆದಿಡುವ ಅಭ್ಯಾಸವನ್ನೇ ಅವಳು ಪ್ರೋಗ್ರಾಮಿಗೂ ತಂದಿದ್ದಳು. ಈಗ ಎರಡು ಸಂಜೆಯ ನಷ್ಟಕ್ಕೆ ಅವಳೇ ಕಾರಣವೆಂದು ನಾಲ್ವರೂ ಹೇಳುತ್ತಿದ್ದರು, ಸಾಕ್ಷಿಯೂ ಅವರ ಕಡೆಗೇ ಇತ್ತು. ಮುಂದಿನ ಪ್ರಯೋಗ ಅವಧಿಯಲ್ಲಿ ಅವಳು ಕೀಲಿಮಣೆ ಮುಟ್ಟಲಿಲ್ಲ. ರೆಕಾರ್ಡ್ ಪುಸ್ತಕದಲ್ಲಿ ಗೆರೆ ಎಳೆಯುತ್ತ ಕುಳಿತಿದ್ದಳು.

ಈ ವಿಷಯಕ್ಕೆ ಎರಡು ಅವಧಿ ಬೇಕೆಂದು ಮಾರ್ಗದರ್ಶಿ ಉಪನ್ಯಾಸಕರನ್ನು ಕೇಳಿದೆ. ಇದು ಪಠ್ಯದಲ್ಲಿಲ್ಲ, ಕಿರುಪರೀಕ್ಷೆ ಹತ್ತಿರದಲ್ಲಿದೆ ಎಂಬ ಅವರ ಆಕ್ಷೇಪ ನ್ಯಾಯವಾದದ್ದೇ. ಆ ಸಾಲು ಏಕೆ ಕೆಡಿಸಿತು ಎಂದು ತಿಳಿಯದೆ ತೆಗೆದುಹಾಕಿದರೆ ತರಗತಿಯಲ್ಲಿ ಉಳಿಯುವ ಪಾಠ "ಸ್ವಚ್ಛ ಮಾಡಲು ಹೋದರೆ ಕೆಡುತ್ತದೆ" ಎಂಬುದು, ಅದು ತಪ್ಪು ಪಾಠ ಎಂಬುದು ನನ್ನ ವಾದ. ಒಂದು ಕ್ಲಬ್ ಅವಧಿ, ಒಂದು ಶನಿವಾರದ ಅವಧಿ ಎಂದು ಒಪ್ಪಂದವಾಯಿತು.

ಮೊದಲ ಅವಧಿ: ಒಳಗಿನದು, ಹೊರಗಿನದು

ಪೂರ್ವಜ್ಞಾನ ಪರೀಕ್ಷೆಗೆ ಒಂದೇ ಪ್ರಶ್ನೆ ಕೇಳಿದೆ: "ಪ್ರಕ್ರಿಯೆ ಕವಲೊಡೆದಾಗ ಏನೇನು ನಕಲಾಗುತ್ತದೆ?" ಬಹುತೇಕ ಎಲ್ಲರೂ "ಎಲ್ಲವೂ" ಎಂದರು. ತೊಡಕು ಇದ್ದದ್ದು ಈ ಉತ್ತರದಲ್ಲಿಯೇ.

ಯುನಿಕ್ಸ್ ಮಾದರಿಯ ವ್ಯವಸ್ಥೆಗಳಲ್ಲಿ ಫೋರ್ಕ್ ಎಂಬ ಕರೆ ಓಡುತ್ತಿರುವ ಪ್ರಕ್ರಿಯೆಯ ಸ್ಮೃತಿಯನ್ನು ಇದ್ದಂತೆಯೇ ಮರಿಗೆ ಕೊಡುತ್ತದೆ. ತಾಯಿಯಲ್ಲಿದ್ದ ಪಟ್ಟಿ, ನಿಘಂಟು, ಸಂಖ್ಯೆ, ವಸ್ತು ಎಲ್ಲವೂ ಮರಿಯಲ್ಲಿಯೂ ಇರುತ್ತವೆ. ನಿಜಕ್ಕೂ ಪುಟಗಳು ಆ ಕ್ಷಣದಲ್ಲೇ ನಕಲಾಗುವುದಿಲ್ಲ. ಇಬ್ಬರಲ್ಲಿ ಒಬ್ಬರು ಬರೆಯಲು ಹೊರಟಾಗ ಮಾತ್ರ ಆ ಪುಟದ ಪ್ರತ್ಯೇಕ ಪ್ರತಿಯನ್ನು ಕರ್ನಲ್ ಮಾಡಿಕೊಡುತ್ತದೆ. ಪ್ರೋಗ್ರಾಂ ಬರೆಯುವವರ ಕಣ್ಣಿಗೆ ಮಾತ್ರ ಎರಡು ಬೇರೆ ಬೇರೆ ಪ್ರತಿಗಳಿದ್ದಂತೆಯೇ ಕಾಣುತ್ತದೆ. ಆದರೆ ಡಿಸ್ಕಿನ ಮೇಲಿನ ಕೋಶ, ಕಡತ, ಜಾಲ ಸಂಪರ್ಕ, ದತ್ತಸಂಚಯದ ಸಂಪರ್ಕ ಇವು ಪ್ರಕ್ರಿಯೆಯ ಸ್ಮೃತಿಯೊಳಗೆ ಇಲ್ಲ. ಒಳಗಿರುವುದು ಅವುಗಳನ್ನು ತೋರಿಸುವ ವಿವರ ಮಾತ್ರ. ಆ ವಿವರ ನಕಲಾಗುತ್ತದೆ, ಅದು ತೋರಿಸುವ ವಸ್ತು ನಕಲಾಗುವುದಿಲ್ಲ.

ಇದನ್ನು ಹೇಳಲು ಪಹಣಿಯನ್ನು ಬಳಸಿಕೊಂಡೆ. ನನ್ನ ತರಗತಿಯ ಅರ್ಧಕ್ಕಿಂತ ಹೆಚ್ಚು ಮಕ್ಕಳು ರೈತರ ಮನೆಯವರು. ಬೆಳೆಸಾಲಕ್ಕೆ, ಬೆಳೆವಿಮೆಗೆ ಪಹಣಿಯ ಪ್ರತಿ ತರಲು ನಾಡಕಚೇರಿಗೆ ಹೋಗಿ ಬಂದವರು. "ಒಂದು ಪಹಣಿಯ ನಾಲ್ಕು ಝೆರಾಕ್ಸ್ ಮಾಡಿಸಿದರೆ ಹೊಲ ಎಷ್ಟಾಗುತ್ತದೆ?" ಎಂದೆ. ನಕ್ಕರು. "ಒಂದು ಪ್ರತಿ ಹಿಡಿದುಕೊಂಡು ಹೋಗಿ ಯಾರೋ ಹೊಲದ ಬೆಳೆ ಕೊಯ್ದರೆ?" ಎಂದೆ. "ಎಲ್ಲರ ಬೆಳೆಯೂ ಹೋಯಿತು" ಎಂದರು. ಕಪ್ಪುಹಲಗೆಯ ಮೇಲೆ "ಕಾಗದ ಎರಡು, ಹೊಲ ಒಂದೇ" ಎಂದು ಬರೆದೆ.

ನಂತರ ಗುಂಪು ಚಟುವಟಿಕೆ. ಸಂಖ್ಯೆ, ಪಟ್ಟಿ, ನಿಘಂಟು, ತಾತ್ಕಾಲಿಕ ಕೋಶ, ದತ್ತಸಂಚಯದ ಸಂಪರ್ಕ, ತೆರೆದ ಕಡತ, ಹೀಗೆ ಕೆಲವು ಚೀಟಿಗಳನ್ನು ಕೊಟ್ಟು "ಕಾಗದ", "ಹೊಲ" ಎಂಬ ಎರಡು ಕಾಲಂಗಳಲ್ಲಿ ಅಂಟಿಸಲು ಹೇಳಿದೆ. ಎಲ್ಲ ಗುಂಪುಗಳೂ "ತೆರೆದ ಕಡತ"ದ ಬಳಿ ಜಗಳವಾಡಿದವು. ಆ ಜಗಳ ಬೇಕಾಗಿಯೇ ಇತ್ತು, ಏಕೆಂದರೆ ಅದು ಅರ್ಧ ಒಳಗೆ, ಅರ್ಧ ಹೊರಗೆ. ಕಡತಕ್ಕೆ ಬರೆದ ಅಕ್ಷರಗಳು ಮೊದಲು ಸ್ಮೃತಿಯ ಒಂದು ತಂಗುದಾಣದಲ್ಲಿ, ಅಂದರೆ ಬಫರಿನಲ್ಲಿ ನಿಲ್ಲುತ್ತವೆ, ಡಿಸ್ಕಿಗೆ ಆಮೇಲೆ ಹೋಗುತ್ತವೆ. ಬಫರ್ ಕಾಗದ, ಡಿಸ್ಕಿನ ಕಡತ ಹೊಲ.

ಇದನ್ನು ಯಂತ್ರದಲ್ಲಿಯೇ ತೋರಿಸಿದೆ. ಒಂದು ಕಡತ ತೆರೆದು "ನಮಸ್ಕಾರ" ಎಂದು ಬರೆದು, ಡಿಸ್ಕಿಗೆ ತಳ್ಳದೆ, ಫೋರ್ಕ್ ವಿಧಾನದಲ್ಲಿ ಮರಿಯನ್ನು ಹುಟ್ಟಿಸಿದೆ. ಮರಿ ಆ ಕಡತವನ್ನು ಮುಚ್ಚಿತು, ಅನಂತರ ತಾಯಿಯೂ ಮುಚ್ಚಿತು. ತೆರೆದು ನೋಡಿದರೆ "ನಮಸ್ಕಾರ" ಎರಡು ಸಲ ಇತ್ತು. ಒಂದು ಸಲ ಬರೆದ ಮಾತು ಬಫರಿನ ನಕಲಿನಿಂದಾಗಿ ಎರಡು ಸಲ ಡಿಸ್ಕಿಗೆ ಇಳಿದಿತ್ತು. ಮರಿ ಕಡತವನ್ನು ಮುಟ್ಟದಂತೆ ಬದಲಿಸಿ ಓಡಿಸಿದಾಗ ಒಂದೇ ಸಲ ಬಂತು. ಏಕೆ ಎಂಬ ಪ್ರಶ್ನೆಯನ್ನು ಮನೆಗೆಲಸವಾಗಿ ಬಿಟ್ಟೆ.

ಎರಡನೆಯ ಅವಧಿ: ಪೆಟ್ಟಿಗೆಯ ಪ್ರಯೋಗಗಳು

ಪೈಥಾನಿನ ಪ್ರಮುಖ ಅನುಷ್ಠಾನವಾದ ಸಿಪೈಥಾನ್ ಪ್ರತಿ ವಸ್ತುವಿಗೂ ಒಂದು ಎಣಿಕೆ ಇಟ್ಟುಕೊಳ್ಳುತ್ತದೆ: ಈ ವಸ್ತುವನ್ನು ಎಷ್ಟು ಕಡೆಯಿಂದ ಹಿಡಿದಿದ್ದಾರೆ ಎಂದು. ಹಸುವಿಗೆ ಕಟ್ಟಿದ ಹಗ್ಗಗಳಂತೆ. ಕೊನೆಯ ಹಗ್ಗ ಬಿಚ್ಚಿದಾಗ ಎಣಿಕೆ ಸೊನ್ನೆಯಾಗುತ್ತದೆ, ವಸ್ತುವಿನ ಡೆಲ್ ವಿಧಾನ ಇದ್ದರೆ ಅದನ್ನು ಕರೆದು ವಸ್ತುವನ್ನು ತೆಗೆದುಹಾಕಲಾಗುತ್ತದೆ. ಕವಲೊಡೆದಾಗ ಈ ಎಣಿಕೆಯೂ ನಕಲಾಗುತ್ತದೆ. ಹಾಗಾಗಿ ಮರಿ ತನ್ನ ಪ್ರತಿಯ ಹಗ್ಗ ಬಿಚ್ಚಿದರೆ, ತಾಯಿ ಇನ್ನೂ ಹಿಡಿದುಕೊಂಡಿದೆ ಎಂಬುದು ಅದಕ್ಕೆ ಗೊತ್ತಾಗುವುದಿಲ್ಲ.

"ಪೆಟ್ಟಿಗೆ" ಎಂಬ ಪುಟ್ಟ ವರ್ಗವೊಂದನ್ನು ಬರೆದೆವು. ಹುಟ್ಟಿದಾಗ ಮತ್ತು ಡೆಲ್ ಕರೆಯಾದಾಗ ತಾನಿರುವ ಪ್ರಕ್ರಿಯೆಯ ಸಂಖ್ಯೆಯನ್ನು ಮುದ್ರಿಸುವುದಷ್ಟೇ ಅದರ ಕೆಲಸ. ಪ್ರತಿ ಪ್ರಯೋಗಕ್ಕೂ ಮುಂಚೆ "ಸ್ವಚ್ಛವಾಯಿತು" ಎಂಬ ಸಾಲು ಎಷ್ಟು ಸಲ ಬರುತ್ತದೆ ಎಂದು ಊಹಿಸಿ ಬರೆದಿಡಬೇಕು.

ಮೊದಲನೆಯ ಪ್ರಯೋಗದಲ್ಲಿ ತಾಯಿ ಪೆಟ್ಟಿಗೆ ಮಾಡಿತು, ಮರಿ ಹುಟ್ಟಿತು, ಪೆಟ್ಟಿಗೆಯನ್ನು ಮುಟ್ಟದೆ ಮುಗಿಯಿತು. ಹೆಚ್ಚಿನವರ ಊಹೆ ಎರಡು ಸಲ. ಬಂದದ್ದು ಒಂದೇ ಸಲ, ಅದೂ ತಾಯಿಯ ಸಂಖ್ಯೆಯೊಂದಿಗೆ. ಕಾರಣ ಇಷ್ಟು: ಫೋರ್ಕ್ ವಿಧಾನದಲ್ಲಿ ಹುಟ್ಟಿದ ಮಲ್ಟಿಪ್ರೊಸೆಸಿಂಗ್ ಮರಿ ತನ್ನ ಕೆಲಸ ಮುಗಿಸಿದ ಮೇಲೆ ಸಾಮಾನ್ಯ ಪ್ರೋಗ್ರಾಮಿನಂತೆ ಮುಗಿಯುವುದಿಲ್ಲ. ಓಎಸ್ ಘಟಕದ ಅಂಡರ್‌ಸ್ಕೋರ್ ಎಕ್ಸಿಟ್ ಎಂಬ ಕರೆಯಿಂದ ನೇರವಾಗಿ ಹೊರಬೀಳುತ್ತದೆ. ಪೈಥಾನ್ ಮುಗಿಯುವಾಗ ಉಳಿದ ವಸ್ತುಗಳನ್ನು ಒಂದೊಂದಾಗಿ ಬಿಡಿಸುವ ಶಾಸ್ತ್ರ ಆ ದಾರಿಯಲ್ಲಿ ನಡೆಯುವುದಿಲ್ಲ, ಬಫರ್‌ಗಳನ್ನು ಡಿಸ್ಕಿಗೆ ತಳ್ಳುವುದೂ ಇಲ್ಲ. ಹಿಂದಿನ ದಿನದ ಮನೆಗೆಲಸಕ್ಕೂ ಇದೇ ಉತ್ತರ. ಇದು ಸೋಮಾರಿತನವಲ್ಲ, ಎಚ್ಚರಿಕೆ. ತಾಯಿಯಿಂದ ಬಂದ ವಸ್ತುಗಳನ್ನು ಮರಿ ಹೋಗುವಾಗ ಬಿಡಿಸಹೊರಟರೆ ತಾಯಿಯ ಹೊಲಕ್ಕೇ ಕೈ ಹಾಕಿದಂತಾಗುತ್ತದೆ.

ಎರಡನೆಯ ಪ್ರಯೋಗದಲ್ಲಿ ಮರಿ ತನ್ನ ಕೆಲಸದ ಕೊನೆಗೆ ಪೆಟ್ಟಿಗೆಯ ಹೆಸರಿಗೆ ನನ್ ಕೊಟ್ಟಿತು. ಈಗ ಎರಡು ಸಾಲು ಬಂದವು, ಎರಡು ಬೇರೆ ಸಂಖ್ಯೆಗಳೊಂದಿಗೆ. ಒಂದೇ ಪೆಟ್ಟಿಗೆ ಎರಡು ಸಲ ಸ್ವಚ್ಛವಾಗಿತ್ತು. ಚಿತ್ರಗಳ ಪ್ರೋಗ್ರಾಮಿನಲ್ಲಿ ಆದದ್ದು ಇದೇ ಎಂದು ಯಾರೂ ಹೇಳಿಕೊಡಬೇಕಾಗಲಿಲ್ಲ. ಮೊದಲು ಮುಗಿಸಿದ ಮರಿಯಲ್ಲಿ ಎಣಿಕೆ ಸೊನ್ನೆಯಾಯಿತು, ತಾತ್ಕಾಲಿಕ ಕೋಶದ ಸ್ವಚ್ಛತಾ ಕಾರ್ಯ ನಡೆಯಿತು, ಡಿಸ್ಕಿನ ಕೋಶ ಚಿತ್ರಗಳ ಸಮೇತ ಅಳಿಯಿತು. ಹೀಗೆ ತಾನಾಗಿ ಅಳಿಯುವಾಗ ಪೈಥಾನ್ ಒಂದು ಎಚ್ಚರಿಕೆ ಕೊಡುವುದುಂಟು, ಆದರೆ ಆ ಬಗೆಯ ಎಚ್ಚರಿಕೆಗಳು ಸಾಮಾನ್ಯ ಓಟದಲ್ಲಿ ಪರದೆಗೆ ಬರುವುದಿಲ್ಲ. ಎರಡು ಸಂಜೆ ಹುಡುಕಿದರೂ ಸಿಗದಿರಲು ಅದೂ ಒಂದು ಕಾರಣ.

ಮೂರನೆಯದು ಇದರ ತಿರುವು. ಪೆಟ್ಟಿಗೆಯನ್ನು ಮರಿಯೇ ಮಾಡಿತು. ಕಾರ್ಯದೊಳಗಿನ ಸ್ಥಳೀಯ ಹೆಸರಿಗೆ ಕಟ್ಟಿದಾಗ ಕಾರ್ಯ ಮುಗಿದೊಡನೆ ಸ್ವಚ್ಛವಾಯಿತು. ಜಾಗತಿಕ ಹೆಸರಿಗೆ ಕಟ್ಟಿದಾಗ ಸಾಲು ಬರಲೇ ಇಲ್ಲ. ಮರಿ ನೇರವಾಗಿ ಹೊರಬಿದ್ದಿತ್ತು, ಪೆಟ್ಟಿಗೆ ಹಾಗೆಯೇ ಉಳಿದಿತ್ತು. ಸ್ಮೃತಿಯನ್ನೂ ತೆರೆದ ಕಡತಗಳ ಹಿಡಿಕೆಗಳನ್ನೂ ಕರ್ನಲ್ ವಾಪಸು ಪಡೆಯುತ್ತದೆ, ಆದರೆ ಡಿಸ್ಕಿನ ಮೇಲೆ ಮರಿ ಮಾಡಿದ ಕೋಶವನ್ನು ಅದು ಅಳಿಸುವುದಿಲ್ಲ. ಅಂದರೆ ಮರಿ ಮುಟ್ಟಬಾರದ್ದನ್ನು ಸ್ವಚ್ಛ ಮಾಡುವ ಅಪಾಯ ಒಂದು, ತಾನೇ ಮಾಡಿದ್ದನ್ನು ಸ್ವಚ್ಛ ಮಾಡದೆ ಹೋಗುವ ಅಪಾಯ ಇನ್ನೊಂದು.

ಈಗ ಪ್ರಶ್ನೆ ಹಾಕಿದೆ: ಸ್ವಚ್ಛ ಮಾಡುವ ಸಾಲನ್ನು ಬಿಟ್ಟುಬಿಡುವುದೇ ಪರಿಹಾರವೇ? "ಹೌದು" ಎಂದು ಹೇಳಲು ಹೊರಟವರನ್ನು ಮೂರನೆಯ ಪ್ರಯೋಗವೇ ತಡೆಯಿತು. ಸ್ವಲ್ಪ ಹೊತ್ತಿನ ಮೇಲೆ ಹಿಂದಿನ ಬೆಂಚಿನಿಂದ ಒಬ್ಬ ಹೇಳಿದ: "ಪಹಣಿ ಎಷ್ಟು ಝೆರಾಕ್ಸ್ ಮಾಡಿಸಿದರೂ ಅದರಲ್ಲಿ ಹೆಸರು ಅಪ್ಪನದೇ ಇರುತ್ತಲ್ಲ ಮೇಡಂ. ಹೆಸರು ನೋಡಿಕೊಂಡು ಕೈ ಹಾಕಬೇಕು." ಆ ವಿದ್ಯಾರ್ಥಿನಿಯ ಸಾಲನ್ನು ತೆಗೆದುಹಾಕಿದ್ದ ಗುಂಪಿನಲ್ಲಿ ಇವನೂ ಒಬ್ಬ.

ಅನುಭವಿಗಳು ಬಳಸುವ ಉಪಾಯವೂ ಇದೇ. ವಸ್ತು ಹುಟ್ಟುವಾಗ ಆ ಪ್ರಕ್ರಿಯೆಯ ಸಂಖ್ಯೆಯನ್ನು ಅದರೊಳಗೆ ಬರೆದಿಡಬೇಕು. ಕವಲೊಡೆದಾಗ ಆ ಸಂಖ್ಯೆಯೂ ಬದಲಾಗದೆ ನಕಲಾಗುತ್ತದೆ. ಸ್ವಚ್ಛ ಮಾಡುವ ಮುನ್ನ "ಈಗ ನಾನಿರುವ ಪ್ರಕ್ರಿಯೆಯ ಸಂಖ್ಯೆ ಇದೇನಾ?" ಎಂದು ಕೇಳಬೇಕು. ಅಲ್ಲವಾದರೆ ಸುಮ್ಮನೆ ಬಿಟ್ಟುಬಿಡಬೇಕು. ಮಲ್ಟಿಪ್ರೊಸೆಸಿಂಗ್ ತನ್ನ ಒಳಬಳಕೆಗೆ ಇಟ್ಟುಕೊಂಡಿರುವ ಫೈನಲೈಸ್ ಎಂಬ ವರ್ಗವೂ ಇದೇ ಪರೀಕ್ಷೆ ಮಾಡುತ್ತದೆ: ತಾನು ಬೇರೆ ಪ್ರಕ್ರಿಯೆಯಲ್ಲಿದ್ದೇನೆಂದು ಕಂಡರೆ ಏನೂ ಮಾಡದೆ ಹಿಂತಿರುಗುತ್ತದೆ.

ಪೆಟ್ಟಿಗೆಗೆ ಈ ಪರೀಕ್ಷೆಯನ್ನು ಸೇರಿಸಲು ಯಾರು ಬರುತ್ತೀರಿ ಎಂದಾಗ ಆ ವಿದ್ಯಾರ್ಥಿನಿ ಎದ್ದು ಬಂದಳು. ಎರಡೇ ಸಾಲು. ಎರಡನೆಯ ಪ್ರಯೋಗವನ್ನು ಮತ್ತೆ ಓಡಿಸಿದಳು, ಅದೇ ನನ್ ಸಾಲಿನೊಂದಿಗೆ. "ಸ್ವಚ್ಛವಾಯಿತು" ಒಂದೇ ಸಲ ಬಂತು, ತಾಯಿಯ ಸಂಖ್ಯೆಯೊಂದಿಗೆ. "ಹಾಗಾದರೆ ನನ್ನ ಸಾಲು ಇದ್ದರೂ ಪರವಾಗಿಲ್ಲ" ಎಂದು ಪರದೆಯ ಕಡೆಗೇ ನೋಡುತ್ತ ಹೇಳಿದಳು. ಯಾರೂ ಏನೂ ಅನ್ನಲಿಲ್ಲ. ಹಿಂದಿನ ಬೆಂಚಿನವನು ಬಂದು ಅವಳ ಪಕ್ಕದ ಸ್ಟೂಲಿನಲ್ಲಿ ಕುಳಿತು, ಚಿತ್ರಗಳ ಪ್ರೋಗ್ರಾಮನ್ನು ತೆರೆದ.

ತಾತ್ಕಾಲಿಕ ಕೋಶ ಪೈಥಾನಿನದೇ ವಸ್ತು, ಅದರೊಳಗೆ ನಮ್ಮ ಪರೀಕ್ಷೆ ತುರುಕುವುದು ಸುಲಭವಲ್ಲ. ಅದಕ್ಕೆ ಬೇರೆ ಕ್ರಮ ಅನುಸರಿಸಿದರು. ಕೋಶವನ್ನು ತಾಯಿ ಮಾತ್ರ ವಿತ್ ಹೇಳಿಕೆಯೊಳಗೆ ತೆರೆಯುತ್ತದೆ. ಮರಿಗಳನ್ನು ಆರಂಭಿಸುವುದು, ಜಾಯಿನ್ ಮೂಲಕ ಎಲ್ಲವೂ ಮುಗಿಯುವವರೆಗೆ ಕಾಯುವುದು, ಚಿತ್ರಗಳನ್ನು ಕಡತಕ್ಕೆ ಕಟ್ಟುವುದು ಎಲ್ಲವೂ ಆ ಹೇಳಿಕೆಯೊಳಗೇ ನಡೆಯುತ್ತದೆ. ಮರಿಗಳಿಗೆ ಕೋಶದ ವಸ್ತುವನ್ನು ಕೊಡುವುದಿಲ್ಲ, ಅದರ ವಿಳಾಸವಾದ ಅಕ್ಷರಮಾಲೆಯನ್ನಷ್ಟೇ ಕೊಡುತ್ತದೆ. ವಿಳಾಸವಿರುವ ಹೆಸರಿಗೆ ಮರಿ ನನ್ ಕೊಟ್ಟರೆ ಒಂದು ಅಕ್ಷರಮಾಲೆ ಹೋಗುತ್ತದೆ, ಕೋಶ ಅಲ್ಲೇ ಇರುತ್ತದೆ. "ಕೂಲಿಗೆ ಬಂದವರಿಗೆ ಹೊಲದ ದಾರಿ ಹೇಳಿದರೆ ಸಾಕು, ಪಹಣಿ ಯಾಕೆ?" ಎಂದು ಒಬ್ಬಳು ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡಿದ್ದಳು. 612 ಚಿತ್ರಗಳೂ ಬಂದವು.

ಈ ಪಾಠ ಮಾಡುವವರಿಗೆ

ನಮ್ಮ ಪ್ರಯೋಗಾಲಯದಲ್ಲಿದ್ದದ್ದು ಲಿನಕ್ಸ್ ಮತ್ತು ಪೈಥಾನ್ 3.10. ಅಲ್ಲಿ ಹೊಸ ಪ್ರಕ್ರಿಯೆ ಹುಟ್ಟುವ ರೂಢಿಯ ವಿಧಾನ ಫೋರ್ಕ್. ವಿಂಡೋಸಿನಲ್ಲಿ ಸ್ಪಾನ್ ಎಂಬ ವಿಧಾನ ಮಾತ್ರ ಇದೆ. ಮ್ಯಾಕ್‌ಓಎಸ್‌ನಲ್ಲಿ 3.8ನೇ ಆವೃತ್ತಿಯಿಂದ ಸ್ಪಾನ್ ರೂಢಿಯಾಗಿದೆ. 2025ರಲ್ಲಿ ಬಂದ 3.14ರಲ್ಲಿ ಲಿನಕ್ಸಿನ ರೂಢಿಯೂ ಬದಲಾಗಿ ಫೋರ್ಕ್‌ಸರ್ವರ್ ಆಗಿದೆ. ಸ್ಪಾನ್‌ನಲ್ಲಿ ಮರಿಗೆ ತಾಯಿಯ ಸ್ಮೃತಿ ಬರುವುದಿಲ್ಲ, ಅದು ಪ್ರೋಗ್ರಾಮನ್ನು ಹೊಸದಾಗಿ ಓದಿಕೊಳ್ಳುತ್ತದೆ. ಗುಂಪಿನ ಹಳೆಯ ಪ್ರೋಗ್ರಾಂ ವಿಂಡೋಸಿನಲ್ಲಿ ಬೇರೆಯದೇ ರೀತಿ ಕೆಡುತ್ತದೆ: ಕೋಶ ತೆರೆಯುವ ಸಾಲು ಕಡತದ ಮೇಲ್ಮಟ್ಟದಲ್ಲಿದ್ದರೆ ಪ್ರತಿ ಮರಿಯೂ ತನ್ನದೇ ಕೋಶ ತೆರೆದು, ಚಿತ್ರಗಳನ್ನು ಅದರಲ್ಲಿ ಹಾಕಿ, ಕೊನೆಗೆ ಅಳಿಸುತ್ತದೆ. ದೋಷ ಸಂದೇಶವೇ ಬರುವುದಿಲ್ಲ, ತಾಯಿಯ ಕೋಶ ಖಾಲಿ ಇರುತ್ತದೆ. ಆದ್ದರಿಂದ ಪ್ರಯೋಗಕ್ಕೆ ಮುನ್ನ ಯಂತ್ರದ ಆವೃತ್ತಿ ನೋಡಿಕೊಳ್ಳಿ. ಹೊಸ ಆವೃತ್ತಿಯಿದ್ದರೆ ಫೋರ್ಕ್ ವಿಧಾನವನ್ನು ಪ್ರೋಗ್ರಾಮಿನಲ್ಲೇ ಸ್ಪಷ್ಟವಾಗಿ ಕೇಳಬೇಕು.

ಎರಡನೆಯದು, ಹೋಲಿಕೆಯ ಮಿತಿ. ಪಹಣಿಯ ಝೆರಾಕ್ಸ್ ತಿದ್ದಿದರೆ ಮೂಲ ಪಹಣಿ ಬದಲಾಗುವುದಿಲ್ಲ, ಮರಿಯ ಪಟ್ಟಿಗೆ ಸೇರಿಸಿದ ಅಂಶ ತಾಯಿಯ ಪಟ್ಟಿಗೆ ಬರುವುದಿಲ್ಲ. ಇಲ್ಲಿಯವರೆಗೆ ಹೋಲಿಕೆ ನಿಲ್ಲುತ್ತದೆ. ಬಫರಿನ ವಿಷಯಕ್ಕೆ ಬಂದಾಗ ಅದು ಸಾಲದು. ಅಲ್ಲಿ ಹೋಲಿಕೆ ಬಿಟ್ಟು "ನಮಸ್ಕಾರ"ದ ಪ್ರಯೋಗವನ್ನೇ ಮಾಡಿ ತೋರಿಸಿ.

ಮೂರನೆಯದು, ಡೆಲ್ ವಿಧಾನವನ್ನು ಪಾಠದಲ್ಲಿ ನೋಡುವ ಕಿಟಕಿಯಾಗಿ ಬಳಸಿ, ಮುಖ್ಯ ಕೆಲಸವನ್ನು ಅದಕ್ಕೆ ಒಪ್ಪಿಸುವ ಅಭ್ಯಾಸ ಬೇಡ. ಪೈಥಾನ್ ಮುಗಿಯುವಾಗ ಇನ್ನೂ ಉಳಿದಿರುವ ವಸ್ತುಗಳ ಡೆಲ್ ಕರೆಯಾಗುವ ಖಾತರಿಯನ್ನು ಭಾಷೆಯೇ ಕೊಡುವುದಿಲ್ಲ. ಎಲ್ಲಿ ತೆರೆಯಿತು, ಎಲ್ಲಿ ಮುಚ್ಚಿತು ಎಂದು ಓದುವವರಿಗೆ ಕಾಣುವ ವಿತ್ ಹೇಳಿಕೆಯನ್ನು ಮೊದಲಿನಿಂದಲೇ ರೂಢಿಸುವುದು ಒಳ್ಳೆಯದು.

ಮೌಲ್ಯಮಾಪನಕ್ಕೆ ಕೊಟ್ಟ ಪ್ರಶ್ನೆ ಒಂದೇ: "ಬಳಸಿದವರೇ ಸ್ವಚ್ಛಗೊಳಿಸಿ ಎಂಬ ನಿಯಮವನ್ನು ಮರಿ ಪ್ರಕ್ರಿಯೆಗಳಿಗೆ ಹೊಂದುವಂತೆ ತಿದ್ದಿ ಬರೆಯಿರಿ." ಬಹಳಷ್ಟು ಮಂದಿ "ತೆರೆದವರೇ ಮುಚ್ಚಿ" ಎಂದು ಬರೆದರು. ಆ ವಿದ್ಯಾರ್ಥಿನಿಯ ಉತ್ತರ ಸ್ವಲ್ಪ ಉದ್ದವಿತ್ತು: "ತೆರೆದವರೇ ಮುಚ್ಚಿ. ನಿಮ್ಮ ಕೈಗೆ ಬಂದದ್ದು ನೀವು ತೆರೆದದ್ದೋ ಅಲ್ಲವೋ ಎಂದು ಮೊದಲು ನೋಡಿ. ನೀವು ತೆರೆದದ್ದಾದರೆ ಮುಚ್ಚದೆ ಹೋಗಬೇಡಿ." ಮೂರು ಪ್ರಯೋಗಗಳೂ ಈ ಮೂರು ವಾಕ್ಯಗಳಲ್ಲಿವೆ. ಮುಂದಿನ ಬಾರಿ ಈ ಪಾಠಯೋಜನೆ ಬರೆಯುವಾಗ ಕಲಿಕಾಂಶಗಳ ಜಾಗದಲ್ಲಿ ಇವನ್ನೇ ಇಡುತ್ತೇನೆ.